ಯಾರೂ ನೋಡದ ಗುಲ್ಮ

ನನ್ನ ಮುತ್ತಜ್ಜನನ್ನು ಒದ್ದು ಕೊಂದವನು ಒಂದು ಉಗಿಹಡಗಿನ ಬಿಳಿಯ ಅಧಿಕಾರಿ. ಅದರ ಶಿಕ್ಷೆ ಅನುಭವಿಸಿದವರು ನಮ್ಮ ಮನೆಯ ಹೆಂಗಸರು: ಮೊದಲು ಮುತ್ತಜ್ಜಿ, ಆಮೇಲೆ ಅಜ್ಜಿ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಅಮ್ಮನ ಅಕ್ಕ, ನಾವೆಲ್ಲ ಮಾವ್ಶಿ ಎಂದು ಕರೆಯುವವರು. ಕೊಂದವನು ಸಣ್ಣದೊಂದು ದಂಡ ಕಟ್ಟಿ ಅದೇ ಹಡಗಿನಲ್ಲಿ ಕೆಲಸ ಮುಂದುವರಿಸಿದ. ನಾವು ಮಾತ್ರ ನಾಲ್ಕು ತಲೆಮಾರು ನಮ್ಮ ಹೊಟ್ಟೆಯ ಎಡಭಾಗಕ್ಕೆ ಹೆದರುತ್ತ ಬದುಕಿದೆವು.

ಹೆದರಿಕೆಗೆ ಕಾರಣ ಒಂದು ಕಾಗದ. ಮುತ್ತಜ್ಜ ಮಂಗಳೂರಿನಿಂದ ಮುಂಬಯಿಗೆ ಹೋಗಿ, ಅಲ್ಲಿಂದ ಕೊಲ್ಲಿಯ ಬಂದರುಗಳಿಗೆ ಓಡಾಡುವ ಹಡಗಿನ ಊಟದ ಕೋಣೆಯಲ್ಲಿ ಬಡಿಸುವ ಕೆಲಸಕ್ಕೆ ಸೇರಿದ್ದರು. ಒಂದು ಬೇಸಿಗೆಯಲ್ಲಿ ಅವರ ಬದಲು ಕಂಪನಿಯ ಪತ್ರ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಚರ್ಚಿನ ಪಾದ್ರಿಗಳು ಮುತ್ತಜ್ಜಿಗೆ ಓದಿ ಹೇಳಿದರು. ಅವರ ಹೊಟ್ಟೆಯ ಎಡಭಾಗದ ಗುಲ್ಮವೆಂಬ ಅಂಗ ರೋಗದಿಂದ ಮೊದಲೇ ಊದಿಕೊಂಡಿತ್ತು, ಆರೋಗ್ಯವಂತನಿಗೆ ಏನೂ ಆಗದಂಥ ಒಂದು ಸಣ್ಣ ಪೆಟ್ಟು ಬಿದ್ದು ಅದು ಒಡೆದು ಸತ್ತರು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂಬುದು ಪತ್ರದ ಸಾರ. ಮುತ್ತಜ್ಜಿ ಆಗ ಬಸುರಿ. ಹುಟ್ಟಿದ ಹೆಣ್ಣುಮಗುವಿಗೂ ಅದೇ ರೋಗ ಇರಬಹುದೆಂದು ಪಾದ್ರಿಗಳು ಕನಿಕರದಿಂದಲೇ ಎಚ್ಚರಿಸಿದರಂತೆ. ಆ ಕನಿಕರದಿಂದ ನಮ್ಮ ಮನೆಯ ಒಂದು ಸಂಪ್ರದಾಯ ಹುಟ್ಟಿತು.

ನಮ್ಮ ಮನೆಯ ಮಕ್ಕಳು ಮರ ಹತ್ತುವಂತಿಲ್ಲ, ಸೈಕಲ್ ಕಲಿಯುವಂತಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಶಿರ್ಕದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಸಿದ ಎರಡು ಅಂಜೂರ ತಿನ್ನಬೇಕು. ಹೆಣ್ಣಿಗೆ ಸಂಬಂಧ ಬಂದರೆ, ಮಾತು ಪಕ್ಕಾ ಆಗುವ ಮೊದಲು ಮನೆಯ ಹಿರಿಯರು ಎದ್ದು ನಿಂತು ಗಂಡಿನ ಕಡೆಯವರಿಗೆ ಹೇಳಬೇಕು: “ನಮ್ಮ ರಕ್ತದಲ್ಲಿ ಗುಲ್ಮದ ದೋಷ ಉಂಟು. ಸಣ್ಣ ಪೆಟ್ಟು ಬಿದ್ದರೂ ಉಳಿಯುವುದಿಲ್ಲ. ತಿಳಿಸದೆ ಕೊಟ್ಟರು ಎಂದು ನಾಳೆ ಹೇಳಬೇಡಿ.” ಹೇಳಿದ ಮೇಲೆ ಕುಳಿತುಕೊಳ್ಳಬೇಕು, ಚಾ ತಣ್ಣಗಾಗುವ ತನಕ ಯಾರೂ ಮಾತಾಡಬಾರದು.

ಮಾವ್ಶಿಗೆ ಬಂದ ಎರಡು ಸಂಬಂಧಗಳು ಆ ಮೌನದಲ್ಲೇ ಎದ್ದು ಹೋದವು. ಕನ್ಯಾಮಠ ಸೇರಲು ಹೋದಾಗ ಅವರೇ ಹಿರಿಯ ಸಿಸ್ಟರಿನ ಮುಂದೆ ನಿಂತು ಅದೇ ಮಾತನ್ನು ಹೇಳಿದರು. ಅಲ್ಲಿಂದಲೂ ಸೌಮ್ಯವಾದ ನಿರಾಕರಣೆ ಬಂತು. ಮತ್ತೆ ಅವರು ಕನ್ನಡ ಶಾಲೆಯ ಟೀಚರ್ ಆದರು. ಮಕ್ಕಳ ಆಟದ ಪಿರಿಯಡ್ ಬಂದರೆ ಕಿಟಕಿಯ ಒಳಗೇ ನಿಂತು ನೋಡುತ್ತಿದ್ದರು. ಬಸ್ಸಿನಲ್ಲಿ, ಚರ್ಚಿನ ಗುಂಪಿನಲ್ಲಿ ಅವರ ಎಡಗೈ ಪಕ್ಕೆಲುಬಿನ ಕೆಳಗೆ ಅಡ್ಡ ಇರುತ್ತಿತ್ತು. ನಿವೃತ್ತರಾಗಿ ಅಬುಧಾಬಿಗೆ ನನ್ನ ತಮ್ಮನ ಮನೆಗೆ ಬಂದ ಮೇಲೂ, ಅವನಿರುವ ಬನಿಯಾಸ್‌ನ ಹೈಪರ್‌ಮಾರ್ಕೆಟ್ಟಿನಲ್ಲಿ, ಯಾರದೋ ಟ್ರಾಲಿ ಹತ್ತಿರ ಬಂದರೆ ಆ ಕೈ ತಾನಾಗಿ ಅಡ್ಡ ಬರುತ್ತದೆ.

ಇದನ್ನೆಲ್ಲ ನಾನು ಮೂಢನಂಬಿಕೆ ಎಂದು ಬಹಳ ಬೇಗ ತೀರ್ಮಾನಿಸಿದವಳು. ಪ್ರಶ್ನೆ ಕೇಳುವುದನ್ನು ಕಲಿಸಿದ ಕಾಲೇಜಿನಲ್ಲಿ ಓದಿದೆ, ಮೆರವಣಿಗೆಗಳಲ್ಲಿ ಫಲಕ ಹಿಡಿದೆ, ನನ್ನ ಮದುವೆಯ ಮಾತುಕತೆಯಲ್ಲಿ ಆ ವಾಕ್ಯವನ್ನು ಯಾರೂ ಹೇಳಕೂಡದೆಂದು ಹಟ ಹಿಡಿದು ಗೆದ್ದೆ. ಆದರೆ ಆ ವಾಕ್ಯ ಎಲ್ಲಿಂದ ಬಂತೆಂದು ಒಮ್ಮೆಯೂ ವಿಚಾರಿಸಲಿಲ್ಲ. ಮನೆಯ ಹೆಂಗಸರ ಭಯವನ್ನು ಕಂಡು ನಾಚಿಕೊಂಡೆ. ಅದನ್ನು ಹುಟ್ಟಿಸಿದವರನ್ನು ಹುಡುಕಲಿಲ್ಲ. ತಪ್ಪುಗಳನ್ನು ಹೆಸರಿಸಲು ಹೊರಟ ಮೇಲೆ ಇದನ್ನೂ ಹೆಸರಿಸಬೇಕು.

ಕಳೆದ ವರ್ಷ ತಮ್ಮನ ಮಗಳಿಗೆ ಒಂದು ಸಂಬಂಧ ಬಂತು. ಅವಳು ಅಬುಧಾಬಿಯಲ್ಲೇ ಹುಟ್ಟಿ ಬೆಳೆದವಳು, ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಹುಡುಗ ಉಡುಪಿ ಕಡೆಯವನು, ದುಬೈಯ ಹೋಟೆಲಿನಲ್ಲಿ ಕೆಲಸ. ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು. ಹಿರಿಯರ ಭೇಟಿ ಬಾಕಿ ಇತ್ತು. ಶನಿವಾರಗಳಂದು ನಾನು ದುಬೈಯಿಂದ ಬನಿಯಾಸ್‌ಗೆ ಹೋಗುವುದು ರೂಢಿ. ಆ ಶನಿವಾರ ಹೋದಾಗ ಮಾವ್ಶಿ ಊಟದ ಮೇಜಿನ ತುದಿಯ ಕುರ್ಚಿಯಲ್ಲಿ ಕುಳಿತು, ತಾನು ಎದ್ದು ನಿಂತು ಹೇಳಬೇಕಾದದ್ದನ್ನು ಅಭ್ಯಾಸ ಮಾಡುತ್ತಿದ್ದರು.

“ಟೀಚರಜ್ಜಿ, ಪ್ಲೀಸ್. ಇದು ಸೈಂಟಿಫಿಕಲಿ ನಾನ್‌ಸೆನ್ಸ್,” ಎಂದಳು ಹುಡುಗಿ.

“ನಾನ್‌ಸೆನ್ಸ್ ಅಂತ ಹೇಳಿದ್ರೆ ಆಯ್ತಾ? ನಾಳೆ ನಿನ್ನ ಅತ್ತೆ ಬಂದು ನನ್ನ ಕುತ್ತಿಗೆ ಹಿಡಿದ್ರೆ ಬಿಡಿಸ್ಲಿಕ್ಕೆ ನೀನು ಬರ್ತೀಯಾ?”

“ಈಗಿನ ಅತ್ತೆಯಂದ್ರು ಕುತ್ತಿಗೆ ಹಿಡಿಯುದಿಲ್ಲ ಟೀಚರಜ್ಜಿ. ವಾಟ್ಸಾಪ್ ಸ್ಟೇಟಸ್ ಹಾಕ್ತಾರೆ.”

“ಅದು ಇನ್ನೂ ಕಷ್ಟ,” ಎಂದ ತಮ್ಮ, ಅಡುಗೆಮನೆಯಿಂದ. “ಖಲಾಸ್ ಮಾಡಿ ಮಾರಾಯ್ರೆ, ಚಾ ಆಯ್ತು.”

ಮಾವ್ಶಿ ಖಲಾಸ್ ಮಾಡಲಿಲ್ಲ. ಒಳಗಿನಿಂದ ಬಿಸ್ಕತ್ತಿನ ಡಬ್ಬ ತಂದು, ಗರಿಗಳ ಹಬ್ಬದಂದು ಚರ್ಚಿನಿಂದ ತಂದು ಒಣಗಿದ ಗರಿಯ ಕೆಳಗಿದ್ದ ಆ ಪತ್ರವನ್ನು ಹುಡುಗಿಯ ಮುಂದೆ ಬಿಡಿಸಿಟ್ಟರು. “ಓದು. ನೀನೇ ಓದು. ಆಮೇಲೆ ನಾನ್‌ಸೆನ್ಸ್ ಅಂತ ಹೇಳು.”

ನಾಲ್ಕು ತಲೆಮಾರಿನಲ್ಲಿ ಆ ಪತ್ರವನ್ನು ಹೆದರದೆ ಓದಿದವಳು ಅವಳೇ ಮೊದಲಿಗಳು. ಪದಪದವಾಗಿ ಓದಿ, ಕೊನೆಗೆ ತಲೆ ಎತ್ತಿದಳು.

“ಓಕೆ. ಸಣ್ಣ ಪೆಟ್ಟು. ಬಟ್ ಹೂ ಹಿಟ್ ಹಿಮ್?”

“ಎಂತ?”

“ಪೆಟ್ಟು ಹೊಡೆದದ್ದು ಯಾರು ಅಂತ ಕೇಳಿದ್ದು, ಟೀಚರಜ್ಜಿ.”

ಮಾವ್ಶಿ ಪತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡರು. ಸಾವಿರಾರು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣುಗಳು ಎರಡು ಸಲ ಮೇಲಿನಿಂದ ಕೆಳಗೆ ಓಡಿದವು. “ಅದು ಇದ್ರಲ್ಲಿ ಬರೆದಿಲ್ಲ,” ಎಂದರು.

ಬರೆಯದೆ ಬಿಟ್ಟದ್ದನ್ನು ಹುಡುಕುವುದು ನನ್ನ ಹೊಟ್ಟೆಪಾಡು. ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದಲ್ಲಿ ವಿಮೆ ಕ್ಲೇಮುಗಳನ್ನು ಪರಿಶೀಲಿಸುವ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹಡಗು, ಗೋದಾಮು, ಕಾರ್ಮಿಕರ ಅಪಘಾತ, ಎಲ್ಲ ಫೈಲುಗಳೂ ನನ್ನ ಮೇಜಿಗೆ ಬರುತ್ತವೆ. “ಮೊದಲೇ ಇದ್ದ ಕಾಯಿಲೆ” ಎಂಬ ಮೂರು ಪದಗಳು ಒಬ್ಬ ಮನುಷ್ಯನನ್ನು ಎಷ್ಟು ಅಚ್ಚುಕಟ್ಟಾಗಿ ಅಳಿಸಿಹಾಕುತ್ತವೆಂದು ನನಗೆ ಚೆನ್ನಾಗಿ ಗೊತ್ತು. ನಾನೇ ಅವನ್ನು ಬರೆದಿದ್ದೇನೆ. ಅಲ್ ಕೂಜ್‌ನ ವರ್ಕ್‌ಶಾಪೊಂದರಲ್ಲಿ ಅಟ್ಟಣಿಗೆಯಿಂದ ಬಿದ್ದ ಪೇಂಟರ್ ಒಬ್ಬರ ಫೈಲಿನಲ್ಲಿ, ಅವರಿಗೆ ಹಿಂದಿನಿಂದಲೂ ತಲೆಸುತ್ತು ಇತ್ತೆಂದು ಮೇಸ್ತ್ರಿ ಹೇಳಿದ್ದನ್ನು ನಂಬಿ, ಬರೆದು, ಮುಂದಿನ ಫೈಲಿಗೆ ಹೋಗಿದ್ದೆ. ಅದೇ ಪದಗಳು ನನ್ನ ಮನೆಯ ಬಿಸ್ಕತ್ತಿನ ಡಬ್ಬದಲ್ಲಿ ಇದ್ದವೆಂದು ಆ ಶನಿವಾರ ತಿಳಿಯಿತು.

ಪತ್ರದ ತಲೆಯಲ್ಲಿ ಹಡಗಿನ ಹೆಸರೂ ಕಂಪನಿಯ ಹೆಸರೂ ಇದ್ದವು. ವಿದೇಶದ ದಾಖಲೆ ಭಂಡಾರವೊಂದಕ್ಕೆ ಬರೆದೆ. ಹಿರಿಯರ ಭೇಟಿಯನ್ನು ಏನೇನೋ ನೆಪ ಹೇಳಿ ಮುಂದೂಡಿಸಿದೆ. ಮಾವ್ಶಿ ನಿಂತು ಆ ಮಾತು ಹೇಳುವ ಮೊದಲು ನನಗೆ ಉತ್ತರ ಸಿಗಬೇಕಿತ್ತು. ಹುಡುಗನ ಅಮ್ಮ ಎರಡು ಸಲ ಫೋನು ಮಾಡಿ, “ನಿಮ್ಗೆ ನಮ್ಮ ಹುಡುಗ ಬೇಡವಾ ಹೇಗೆ? ಹಾಗಾದ್ರೆ ಸೀದಾ ಹೇಳಿ,” ಎಂದರು. ಅವರ ಸಂಶಯ ನ್ಯಾಯವಾದದ್ದೇ.

ಐದನೆಯ ವಾರ ಸ್ಕ್ಯಾನ್ ಮಾಡಿದ ಹಾಳೆಗಳು ಬಂದವು: ಹಡಗಿನ ಲಾಗ್‌ಬುಕ್ಕಿನ ಪುಟಗಳು, ಮುಂದಿನ ಬಂದರಿನಲ್ಲಿ ನಡೆದ ವಿಚಾರಣೆಯ ಕಡತ, ಅದಕ್ಕೆ ಲಗತ್ತಿಸಿದ ವೈದ್ಯರ ಪ್ರಮಾಣಪತ್ರ.

ನಡೆದದ್ದು ಇಷ್ಟು. ಹಡಗು ಮಸ್ಕತ್ ದಾಟಿ ಕೊಲ್ಲಿಯೊಳಗೆ ಬರುತ್ತಿತ್ತು. ಸೆಕೆಗೆ ಕೆಳಗಿನ ನೌಕರರ ನೀರಿನ ಪೀಪಾಯಿ ಖಾಲಿಯಾಗಿತ್ತು. ಮಧ್ಯಾಹ್ನದ ಊಟ ಬಡಿಸಿದ ಮೇಲೆ ಮುತ್ತಜ್ಜ ಅಧಿಕಾರಿಗಳ ಕೋಣೆಯ ಹೂಜಿಯಿಂದ, ಅವರ ಗಾಜಿನ ಲೋಟದಲ್ಲಿ, ನೀರು ಕುಡಿದರು. ಅದನ್ನು ಕಂಡ ಹಡಗಿನ ಸೆಕೆಂಡ್ ಆಫೀಸರ್ ಅವರನ್ನು ಕೆಳಗೆ ಬೀಳಿಸಿ ಬೂಟುಗಾಲಿನಿಂದ ಒದ್ದ. ಒದ್ದದ್ದನ್ನು ಅವನು ಅಲ್ಲಗಳೆಯಲೂ ಇಲ್ಲ. ಕರಿಯನೊಬ್ಬ ತನ್ನ ಲೋಟಕ್ಕೆ ಬಾಯಿ ಹಚ್ಚಿದ್ದಕ್ಕೆ ಬುದ್ಧಿ ಕಲಿಸಿದೆ ಎಂಬರ್ಥದ ಹೇಳಿಕೆಯನ್ನು ತಾನೇ ಬರೆಸಿ ಸಹಿ ಹಾಕಿದ್ದಾನೆ. ಒದೆತ ಒಂದಲ್ಲ, ಬಹಳ ಹೊತ್ತು ನಡೆಯಿತು ಎಂದು ಅಡುಗೆಯವನೊಬ್ಬ ಸಾಕ್ಷಿ ಹೇಳಿದ. ಇಂಥ ಜನರ ಸಾಕ್ಷ್ಯಕ್ಕೆ ತೂಕವಿಲ್ಲವೆಂದು ವಿಚಾರಣಾಧಿಕಾರಿ ಅದನ್ನು ಬದಿಗಿಟ್ಟ. ನಮ್ಮ ಬಣ್ಣದವರ ಗುಲ್ಮವೇ ದುರ್ಬಲ, ಬಿಳಿಯರ ಕೈಗೆ ಅದು ಗೊತ್ತಾಗುವುದು ಹೇಗೆ ಎಂಬ ವಾದ ಆ ಕಾಲದ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿತ್ತು. ಒದೆಯುವವನ ಕಾಲಿನ ತಪ್ಪನ್ನು ಒದೆಸಿಕೊಂಡವನ ಹೊಟ್ಟೆಗೆ ವರ್ಗಾಯಿಸುವ ಉಪಾಯ ಅದು. ನನ್ನ ಮುತ್ತಜ್ಜನ ಮೇಲೆ ಅದನ್ನೇ ಹೂಡಿದರು.

ಇಷ್ಟನ್ನು ಓದಿ ನಾನು ಅಳಲಿಲ್ಲ. ಕಚೇರಿಯಲ್ಲಿ ಮಾಡುವುದನ್ನೇ ಮಾಡಿದೆ: ಬೇರೆ ಬೇರೆ ಕೈಗಳು ಬರೆದ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ದಿನ ಮತ್ತು ಗಂಟೆಗಳನ್ನು ಮಾತ್ರ ಬೇರೊಂದು ಕಾಗದದ ಮೇಲೆ ಇಳಿಸಿದೆ. ಸುಳ್ಳು ಹೇಳುವವರು ಕಾರಣಗಳನ್ನು ಜೋಡಿಸಿಕೊಳ್ಳುತ್ತಾರೆ, ಗಡಿಯಾರಗಳನ್ನು ಮರೆಯುತ್ತಾರೆ. ಲಾಗ್‌ಬುಕ್ಕಿನ ಪ್ರಕಾರ ಮುತ್ತಜ್ಜ ಸತ್ತದ್ದು ಮಧ್ಯಾಹ್ನ. ಸೆಕೆಯ ಕಾರಣಕ್ಕೆ, ಅದೇ ಸಂಜೆ ಸೂರ್ಯಾಸ್ತಕ್ಕೆ ಮೊದಲು ದೇಹವನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಬಿಟ್ಟರು. ವೈದ್ಯ ಹಡಗು ಹತ್ತಿದ್ದು ಬಂದರು ತಲುಪಿದ ಮೇಲೆ, ಮೂರನೆಯ ದಿನ ಬೆಳಿಗ್ಗೆ. ಅವನ ಪ್ರಮಾಣಪತ್ರದಲ್ಲಿ ಮಾತ್ರ ದೇಹವನ್ನು ಪರೀಕ್ಷಿಸಿದಾಗ ಗುಲ್ಮ ಊದಿಕೊಂಡದ್ದು ಕಂಡುಬಂತೆಂದು ಬರೆದಿದೆ.

ಯಾವ ದೇಹ?

ಆ ಗುಲ್ಮವನ್ನು ಯಾರೂ ನೋಡಿಲ್ಲ. ಯಾರೂ ನೋಡದ ಒಂದು ಅಂಗಕ್ಕಾಗಿ ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಶುಕ್ರವಾರದ ಅಂಜೂರ ತಿಂದರು, ಮಾವ್ಶಿ ಕಿಟಕಿಯ ಒಳಗೆ ನಿಂತರು.

ಆ ಹಡಗು ಕಂಪನಿ ಕೈಯಿಂದ ಕೈಗೆ ಸಾಗಿ ಇಂದು ಬೇರೆ ಹೆಸರಿನಲ್ಲಿ ಬದುಕಿದೆ. ಅದರ ಕಚೇರಿ ನನ್ನ ಕಚೇರಿಯ ಎದುರು, ಟವರುಗಳ ನಡುವಿನ ಕೆರೆಯ ಆಚೆ ದಡದ ಟವರಿನಲ್ಲಿ. ಹನ್ನೊಂದು ವರ್ಷ ಅದೇ ಟವರಿನ ಕೆಳಗಿನ ಹೋಟೆಲಿನಲ್ಲಿ ನಾನು ಮಧ್ಯಾಹ್ನದ ಊಟ ಮಾಡಿದ್ದೇನೆ. ಹಾಳೆಗಳನ್ನು ಹಿಡಿದು ಮೇಲೆ ಹೋದಾಗ ಸ್ವಾಗತ ಕೋಣೆಯ ಗೋಡೆಯ ಮೇಲೆ ದೊಡ್ಡ ಚೌಕಟ್ಟಿನಲ್ಲಿ ಅದೇ ಹಡಗಿನ ಚಿತ್ರ ಇತ್ತು; ಕೆಳಗೆ, ಇದು ನಮ್ಮ ಪರಂಪರೆ ಎಂಬರ್ಥದ ಹಿತ್ತಾಳೆಯ ಅಕ್ಷರಗಳು. ನನ್ನನ್ನು ಮಾತಾಡಿಸಿದ ಯುವ ಮ್ಯಾನೇಜರ್ ಬಹಳ ವಿನಯವಂತ. ನೀರು ತರಿಸಿಕೊಟ್ಟ, ಗಾಜಿನ ಲೋಟದಲ್ಲಿ. ನಾನು ಅದನ್ನು ಪೂರ್ತಿ ಕುಡಿದೆ.

“ಮ್ಯಾಡಮ್, ಐ ಫೀಲ್ ಸಾರಿ. ಆದ್ರೆ ಇದು ಹಂಡ್ರೆಡ್ ಇಯರ್ಸ್ ಹಿಂದಿನ ಮ್ಯಾಟರ್. ಆಗಿನ ಕಂಪನಿ ಬೇರೆ, ನಾವು ಬೇರೆ,” ಎಂದ. ಅವನೂ ಕನ್ನಡಿಗನೇ, ಹುಬ್ಬಳ್ಳಿಯವನು.

“ಗೋಡೆಯ ಮೇಲಿನ ಹಡಗು ಯಾರದ್ದು?”

ಅವನು ಚಿತ್ರದ ಕಡೆಗೆ ತಿರುಗಿ ನೋಡಿದ. “ಅದು ಡೆಕೋರೇಶನ್ ರೀ ಮ್ಯಾಡಮ್.”

“ಹಾಗಾದರೆ ಪರಂಪರೆ ಎಂಬ ಅಕ್ಷರಗಳನ್ನು ಕಿತ್ತುಹಾಕಿ. ಇಲ್ಲವೇ ಹಡಗಿನ ಒಳಗೆ ನಡೆದದ್ದನ್ನೂ ನಿಮ್ಮದೆಂದು ಒಪ್ಪಿಕೊಳ್ಳಿ.”

“ನಾ ಏನ್ ಮಾಡ್ಲಿ ಹೇಳ್ರಿ, ನಂದೂ ನೌಕ್ರಿ,” ಎಂದು ಅವನು ದನಿ ತಗ್ಗಿಸಿದ. ಆದರೂ ಹಾಳೆಗಳ ಪ್ರತಿ ತೆಗೆದುಕೊಂಡು ಮೇಲಿನವರಿಗೆ ಕಳಿಸುತ್ತೇನೆಂದ, ಕಳಿಸಿದ ಕೂಡ. ಹತ್ತು ದಿನದ ಮೇಲೆ ಬಂದ ಮಿಂಚಂಚೆಯಲ್ಲಿ ಸಹಾನುಭೂತಿ ಇತ್ತು, ಕೃತಜ್ಞತೆಯೂ ಇತ್ತು. ಅಂದಿನ ಘಟನೆಯ ಬಗ್ಗೆ ಪ್ರತಿಕ್ರಿಯಿಸಲಾಗದು ಎಂದೂ ಇತ್ತು.

ಆ ಶನಿವಾರ ನಾನು ಬನಿಯಾಸ್‌ಗೆ ಗೆದ್ದವಳಂತೆ ಹೋದೆ. ಮಾವ್ಶಿಯ ಭಾರ ಇಳಿಸುತ್ತಿದ್ದೇನೆಂಬ ಖಾತರಿ ನನಗೆ. ಲಾಗ್‌ಬುಕ್ಕಿನ ಹಾಳೆಯನ್ನೂ ವೈದ್ಯರ ಹಾಳೆಯನ್ನೂ ಅವರ ಮುಂದೆ ಪಕ್ಕಪಕ್ಕ ಇಟ್ಟು ಎಲ್ಲವನ್ನೂ ವಿವರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಕೇಳಿ ಪಡೆದು, ಎರಡು ತಾರೀಕುಗಳ ಕೆಳಗೆ ಗೆರೆ ಎಳೆದರು.

“ಹಾಗಾದ್ರೆ ಡಾಕ್ಟ್ರು ಅಜ್ಜನನ್ನು ನೋಡ್ಲೇ ಇಲ್ಲ.”

“ನೋಡ್ಲೇ ಇಲ್ಲ ಮಾವ್ಶಿ.”

“ರೋಗ ಇರ್ಲಿಲ್ಲ.”

“ಇತ್ತು ಅಂತ ಹೇಳ್ಲಿಕ್ಕೆ ಒಂದು ಸಾಕ್ಷಿಯೂ ಇಲ್ಲ. ಸುಳ್ಳು ಅದು.”

ಅವರು ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟರು. “ಇದನ್ನು ಈಗ ಯಾಕೆ ತಂದದ್ದು, ಬಾಯೆ? ನಂಗೆ ಎಪ್ಪತ್ತೊಂಬತ್ತು.”

ನನ್ನ ಬಳಿ ಉತ್ತರ ಸಿದ್ಧವಿತ್ತು. ಸತ್ಯಕ್ಕೆ ವಯಸ್ಸಿಲ್ಲ ಎಂಬಂಥದ್ದೇನೋ. ಅದನ್ನು ಹೇಳದಿರುವಷ್ಟು ಬುದ್ಧಿ ಹೇಗೋ ಬಂತು.

“ಆ ಇಬ್ರು ಗಂಡಸರ ವಿಷಯ ಬಿಡು,” ಎಂದರು ಮಾವ್ಶಿ. “ಒಬ್ಬನಿಗೆ ಹಲ್ಲು ಸರಿ ಇರ್ಲಿಲ್ಲ. ಆದ್ರೆ ಕಾನ್ವೆಂಟಿನಲ್ಲಿ ಮದರ್ ನನ್ನ ಹತ್ರ ಏನೂ ಕೇಳಿರ್ಲಿಲ್ಲ. ನಾನೇ ನಿಂತು ಹೇಳಿದ್ದು. ಕೇಳದೆ ಹೇಳಿದ್ದು. ಮನೆಗೆ ಬರುವಾಗ ಬಸ್ಸಿನಲ್ಲಿ ಅಳು ಬಂತು, ಆದ್ರೆ ಒಳಗೆ ಎಷ್ಟು ಹೆಮ್ಮೆ ಇತ್ತು ಗೊತ್ತುಂಟಾ? ಸತ್ಯ ಹೇಳಿದೆ ಅಂತ. ಇಷ್ಟು ವರ್ಷ ಅದೊಂದೇ ನನ್ನ ಹತ್ರ ಇದ್ದದ್ದು. ನೀನು ಈಗ ಬಂದು ಅದೂ ಸುಳ್ಳು ಅಂತಿ.”

ಹುಡುಗಿ ಅವರ ಹೆಗಲ ಮೇಲೆ ಕೈ ಇಟ್ಟಳು. ಮಾವ್ಶಿ ಆ ಕೈಯನ್ನು ತೆಗೆಯಲಿಲ್ಲ. ನನ್ನ ಕಡೆಗೆ ಮಾತ್ರ ನೋಡಲಿಲ್ಲ. ಊಟಕ್ಕೆ ಕಾಯದೆ ನಾನು ದುಬೈಗೆ ಮರಳಿದೆ.

ತಪ್ಪುಗಳ ಪಟ್ಟಿ ನನಗೆ ಬಾಯಿಪಾಠ. ಒದ್ದವನು, ನೋಡದೆ ಬರೆದ ವೈದ್ಯ, ಅಡುಗೆಯವನ ಬಾಯಿ ಮುಚ್ಚಿಸಿದ ವಿಚಾರಣಾಧಿಕಾರಿ, ಸುಳ್ಳನ್ನು ಲಕೋಟೆಯಲ್ಲಿ ಹಾಕಿ ಬಸುರಿಯೊಬ್ಬಳಿಗೆ ಕಳಿಸಿದ ಕಂಪನಿ, ಪೆಟ್ಟು ಯಾರದೆಂದು ಕೇಳದ ಪಾದ್ರಿ, ಕೇಳದ ನಾವು. ಆದರೆ ಇವರೆಲ್ಲ ಸೇರಿ ಕದ್ದದ್ದು ಏನೆಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಅವರು ಒಬ್ಬ ಪ್ರಾಮಾಣಿಕ ಹೆಂಗಸಿನ ಬಾಯಿಯಿಂದಲೇ, ಅವಳಿಗೆ ಗೊತ್ತಿಲ್ಲದಂತೆ, ತಮ್ಮ ಸುಳ್ಳನ್ನು ಹೇಳಿಸಿದ್ದರು. ಅವಳ ಪ್ರಾಮಾಣಿಕತೆಯನ್ನು ತಮ್ಮ ಸಾಕ್ಷಿಯಾಗಿ ಬಳಸಿಕೊಂಡಿದ್ದರು.

ಸೋಮವಾರ ಕಚೇರಿಯಲ್ಲಿ ನಾನು ಅಲ್ ಕೂಜ್‌ನ ಪೇಂಟರ್ ಅವರ ಫೈಲನ್ನು ಮತ್ತೆ ತೆರೆಯಲು ಲಿಖಿತವಾಗಿ ಕೋರಿದೆ. ತಲೆಸುತ್ತಿನ ಬಗ್ಗೆ ಹೇಳಿದ ಮೇಸ್ತ್ರಿ ಅವರನ್ನು ಯಾವ ವೈದ್ಯರ ಬಳಿ ಕರೆದೊಯ್ದಿದ್ದ, ಆ ವೈದ್ಯರು ಅವರನ್ನು ನೋಡಿದ್ದರೇ ಎಂದು ಕೇಳಿದೆ. ಯಾವ ವೈದ್ಯರೂ ನೋಡಿರಲಿಲ್ಲ. ನನ್ನ ತೀರ್ಮಾನ ತಪ್ಪೆಂದು ನನ್ನ ಸಹಿಯ ಕೆಳಗೇ ಬರೆದು ಕಳಿಸಿದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಮಾವ್ಶಿಯ ಫೋನು ಬಂತು.

“ಇವತ್ತು ಅಂಜೂರ ತಿಂದೆ.”

“ಯಾಕೆ ಮಾವ್ಶಿ?”

“ರುಚಿ ಉಂಟಲ್ಲ, ಅದಕ್ಕೆ. ಶಿರ್ಕ ಹಾಕ್ಲಿಲ್ಲ.” ಆಮೇಲೆ ತರಗತಿಯ ದನಿಯಲ್ಲಿ ಮುಂದುವರಿಸಿದರು. “ಹುಡುಗನ ಮನೆಯವ್ರನ್ನು ಬರ್ಲಿಕ್ಕೆ ಹೇಳಿದ್ದೇನೆ, ಬರುವ ತಿಂಗಳ ಮೊದಲ ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ. ಈ ಸಲ ನಾನು ನಿಲ್ಲುದಿಲ್ಲ. ನಂಗೆ ಕಾಲು ನೋವು. ನಿಲ್ಬೇಕಾದವ್ರು ನಿಲ್ಲಲಿ. ನೀನು ಪೆನ್ನು ಹಿಡಿ, ಆ ಕಂಪನಿಗೆ ಏನು ಬರೀಬೇಕು ಅಂತ ನಾನು ಹೇಳ್ತೇನೆ. ತಪ್ಪು ಬರೀಬೇಡ.”

“ಕಂಪನಿಯವರು ಬರದಿದ್ದರೆ?”

“ಕುರ್ಚಿ ಖಾಲಿ ಇಡುದು. ಯಾರಿಗೆ ಇಟ್ಟದ್ದು ಅಂತ ಹುಡುಗನ ಅಮ್ಮ ಕೇಳಿದ್ರೆ, ಆಗ ಹೇಳುದು. ಕೂತುಕೊಂಡೇ ಹೇಳುದು.”

ಆಚೆ ದಡದ ಟವರಿನಲ್ಲಿರುವವರೇ, ಮಾವ್ಶಿ ಹೇಳಿ ಬರೆಸಿದ್ದನ್ನು ನಾನು ನನ್ನ ಒಂದು ವಿಶೇಷಣವನ್ನೂ ಸೇರಿಸದೆ ನಿಮ್ಮ ಮುಂದಿಡುತ್ತಿದ್ದೇನೆ. ಹಣ ಬೇಡ. ಸಹಾನುಭೂತಿ ಬೇಡ, ಅದು ಮಿಂಚಂಚೆಯಲ್ಲಿ ಬಂದಿದೆ. ನಿಮ್ಮ ಮೊದಲಿನ ಪತ್ರದಂತೆಯೇ ಕಂಪನಿಯ ಹೆಸರಿರುವ ಕಾಗದದ ಮೇಲೆ, ಈ ಸಲ ಕನ್ನಡದಲ್ಲಿ, ಮೂರು ವಾಕ್ಯ ಬರೆಯಿರಿ: ಸತ್ತವರಿಗೆ ಯಾವುದೇ ರೋಗ ಇತ್ತೆಂಬುದಕ್ಕೆ ಪುರಾವೆ ಇಲ್ಲ; ನೀರು ಕುಡಿದದ್ದಕ್ಕೆ ನಮ್ಮ ಅಧಿಕಾರಿ ಅವರನ್ನು ಒದ್ದು ಕೊಂದ; ನಮ್ಮ ಪತ್ರ ಸುಳ್ಳು ಹೇಳಿತು. ಕೆಳಗೆ ನಿಮ್ಮಲ್ಲಿ ಎಲ್ಲರಿಗಿಂತ ಮೇಲಿನವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬೇಡಿ. ಆ ಭಾನುವಾರ ಬನಿಯಾಸ್‌ನ ಮನೆಗೆ ಸಹಿ ಹಾಕಿದವರೇ ಬಂದು, ಹುಡುಗನ ಮನೆಯವರ ಮುಂದೆ ಎದ್ದು ನಿಂತು, ಅದನ್ನು ಗಟ್ಟಿಯಾಗಿ ಓದಬೇಕು. ಓದಿ ಕುಳಿತ ಮೇಲೆ ನಿಮಗೂ ಚಾ ಇದೆ. ಅದು ತಣ್ಣಗಾಗುವ ತನಕ ನೀವು ಮಾತಾಡಬಾರದು.